ಅಲ್ಮಾ ಇನ್ನೂ ಹೊರಗಿದ್ದಾಳೆ

ಡಾಗ್‌ಬೆರಿ ಕೋವ್ ಎಂಬ ಮೀನುಗಾರರ ಊರಿನಲ್ಲಿ ಕ್ರಿಸ್‌ಮಸ್ಸಿನಿಂದ ಹನ್ನೆರಡು ದಿನ ಮುಸುಕಿನವರದೇ ಕಾರುಬಾರು. ಗಂಡಸರು ಹೆಂಡತಿಯ ಲಂಗ ಸಿಕ್ಕಿಸಿಕೊಂಡು, ಹೆಂಗಸರು ಗಂಡನ ರಬ್ಬರ್ ಪ್ಯಾಂಟು ಏರಿಸಿ ಹೊಟ್ಟೆಗೊಂದು ದಿಂಬು ಕಟ್ಟಿಕೊಂಡು, ಮುಖದ ಮೇಲೆ ಹಳೆಯ ಕಿಟಕಿ ಪರದೆ ಇಳಿಬಿಟ್ಟು ಮನೆಯಿಂದ ಮನೆಗೆ ಹೊರಡುತ್ತಾರೆ. ಮಾತನ್ನೂ ಉಸಿರು ಒಳಕ್ಕೆಳೆದುಕೊಳ್ಳುತ್ತಾ ಆಡುತ್ತಾರೆ; ಹೆತ್ತ ತಾಯಿಗೂ ಗುರುತು ಸಿಗಬಾರದು. ಮನೆಯವರು ಇಂಥವನೇ ಎಂದು ಸರಿಯಾಗಿ ಹೆಸರು ಹೇಳಿದರೆ ಮುಸುಕು ಎತ್ತಬೇಕು. ಆಮೇಲೆ ಕೇಕು, ರಮ್ಮು, ಅಡುಗೆಮನೆಯ ನೆಲ ಮುರಿಯುವಂತೆ ಕುಣಿತ. ಊರಿನ ಯಾವ ಮನೆಯನ್ನೂ ಬಿಡದ ಈ ಗುಂಪು ಒಂದು ಮನೆಯ ಮುಂದೆ ಮಾತ್ರ ಸದ್ದಿಲ್ಲದೆ ಹಾದುಹೋಗುತ್ತಿತ್ತು. ಅದು ಡಾಕ್ಟರ್ ವರ್ನಾ ಪಾರ್ಡಿಯ ಮನೆ.

ದ್ವೇಷವೇನೂ ಇಲ್ಲ. ಅವಳ ಮನೆಗೆ ಹೋದರೆ ಆಟ ಕೆಡುತ್ತಿತ್ತು, ಅಷ್ಟೇ. ಇವರು ಬಾಗಿಲು ತಟ್ಟಿ ಹೊಸ್ತಿಲು ದಾಟುವ ಮೊದಲೇ ಅವಳು ಕುರ್ಚಿಯಿಂದ ಏಳದೆ, "ಗಾರ್ಲೆಂಡ್ ಮಾವ, ಆ ಮಂಡಿ ಇಟ್ಕೊಂಡು ಈ ಹಿಮದಲ್ಲಿ ಬಂದಿದ್ದೀಯಲ್ಲ, ಬುದ್ಧಿ ಇದೆಯಾ ನಿಂಗೆ? ಹಿಂದೆ ಕೆಮ್ತಿರೋಳು ಟ್ರಿಫಿ ಅತ್ತೆ. ಅತ್ತೇ, ಔಷಧಿ ಮುಗಿಸಿದ್ಯಾ ಇಲ್ವಾ?" ಎಂದುಬಿಡುತ್ತಿದ್ದಳು. ಊರಿನ ಪ್ರತಿ ಮಂಡಿ, ಪ್ರತಿ ಎದೆಗೂಡು ಅವಳಿಗೆ ಪರಿಚಯ. ಪರದೆಯೊಳಗಿನಿಂದ ಒಬ್ಬ ಉಸಿರೆಳೆದರೆ ಸಾಕು, ಯಾರು ಎಂಬುದಿರಲಿ, ಎಷ್ಟು ಸಿಗರೇಟು ಸೇದಿದ್ದಾನೆ ಎಂದೂ ಹೇಳುತ್ತಿದ್ದಳು. "ಕುಣಿಯೋಕೆ ಹೋದವರಿಗೆ ಮಾತ್ರೆ ಬರೆದುಕೊಡ್ತಾಳೆ ಪುಣ್ಯಾತ್ಗಿತ್ತಿ" ಎಂದು ಜನ ನಕ್ಕು ಸುಮ್ಮನಾದರು. ಅವಳು ಮಾತ್ರ ಪ್ರತಿ ವರ್ಷ ಕೇಕು ಮಾಡಿಡುತ್ತಿದ್ದಳು. ಫೆಬ್ರವರಿವರೆಗೂ ಅದನ್ನು ತಾನೊಬ್ಬಳೇ ತಿನ್ನುತ್ತಿದ್ದಳು.

ವರ್ನಾ ಹುಟ್ಟಿದ್ದೂ ಇದೇ ಊರಲ್ಲಿ. ಅವಳಪ್ಪ ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಿದ್ದವನು. ಮಂಜಿನಾಚೆ ಬರುವ ಸದ್ದು ಕೇಳಿಯೇ ಅದು ಯಾರ ದೋಣಿ, ಅದಕ್ಕೇನು ಕಾಯಿಲೆ ಎಂದು ಹೇಳುತ್ತಿದ್ದ. ಆ ಕಿವಿ ಮಗಳಿಗೆ ಬಂತು. ಸೇಂಟ್ ಜಾನ್ಸ್ ಪಟ್ಟಣಕ್ಕೆ ಹೋಗಿ ಡಾಕ್ಟರಿಕೆ ಓದಿದವಳು ಇನ್ನು ತಿರುಗಿ ಬಂದ ಹಾಗೇ ಎಂದುಕೊಂಡಿದ್ದವರಿಗೆಲ್ಲ ನಿರಾಸೆ ಮಾಡಿ, ಒಂದು ಪೆಟ್ಟಿಗೆ, ಒಂದು ಬೆಕ್ಕು ಹಿಡಿದುಕೊಂಡು ವಾಪಸ್ಸು ಬಂದಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ಈ ಊರಿನ ಗಂಡಸರನ್ನೆಲ್ಲ ಅಂಗಿ ಬಿಚ್ಚಿಸಿ ನೋಡಿದ್ದೀನಿ ಕಣಮ್ಮಾ, ಆಸೆ ಹುಟ್ಟೋ ಹಾಗೆ ಒಬ್ಬನೂ ಇರ್ಲಿಲ್ಲ" ಎನ್ನುತ್ತಿದ್ದಳು. ಎರಡು ಕೋಣೆಯ ದವಾಖಾನೆ ಹೆಸರಿಗಷ್ಟೇ. ನಿಜವಾದ ವೈದ್ಯವೆಲ್ಲ ನಡೆಯುತ್ತಿದ್ದದ್ದು ಜನರ ಅಡುಗೆಮನೆಗಳಲ್ಲಿ, ಡಬ್ಬಿ ಹಾಲಿನ ಟೀ ಕುಡಿಯುತ್ತಾ.

ಈ ಕಥೆ ನಡೆದ ವರ್ಷಕ್ಕೆ ಸರ್ಕಾರ ಕಾಡ್ ಮೀನು ಹಿಡಿಯಬಾರದೆಂದು ಕಡಲಿಗೆ ಬೀಗ ಹಾಕಿ ಒಂದೂವರೆ ವರ್ಷವಾಗಿತ್ತು. ಮೀಸೆ ಬೆಳ್ಳಗಾದ ಗಂಡಸರನ್ನು ಶಾಲೆಯ ಬೆಂಚಿನ ಮೇಲೆ ಕೂರಿಸಿ, ಬೇರೆ ಕಸುಬಿಗೆ ಅಣಿಮಾಡಲೆಂದು ಭಿನ್ನರಾಶಿ ಕಲಿಸುತ್ತಿದ್ದರು. ಊರಿಗೆ ಊರೇ ನಿದ್ದೆಗೆಟ್ಟಿತ್ತು. ನಸುಕಿಗೇ ಏಳುವ ಅಭ್ಯಾಸ ದೇಹಕ್ಕೆ. ಎದ್ದು ಮಾಡುವುದಕ್ಕೆ ಏನೂ ಇಲ್ಲ. ಬೆಳಕು ಹರಿಯುವ ಹೊತ್ತಿಗೆ ಕಿಟಕಿಯಿಂದ ನೋಡಿದರೆ, ಮಂಜಿನಲ್ಲಿ ಒಬ್ಬೊಬ್ಬರೇ ದಂಡೆಗಿಳಿದು, ಕವುಚಿ ಹಾಕಿದ ದೋಣಿಯ ಬೆನ್ನನ್ನು ಮುಟ್ಟಿ, ಅಲ್ಲೇ ಒಂದಿಷ್ಟು ಹೊತ್ತು ನಿಂತು ಮನೆಗೆ ಹೋಗುವುದು ಕಾಣಿಸುತ್ತಿತ್ತು. ಯಾರೂ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಊರೆಲ್ಲ ಒಂದೇ ಕನಸು ಕಾಣುತ್ತಿರುವಂತೆ, ಅದರಿಂದ ಎಬ್ಬಿಸುವವರು ಯಾರೂ ಇಲ್ಲದಂತೆ ಇತ್ತು. ಹಾಗಾಗಿ ನವೆಂಬರಿನಲ್ಲಿ ಸೆಲ್ಬಿ ಹ್ಯಾನ್ ಬಂದು ನಿದ್ದೆ ಬರುವುದಿಲ್ಲ ಎಂದಾಗ ವರ್ನಾ ಅದನ್ನು ವಿಶೇಷವಾಗಿ ತೆಗೆದುಕೊಳ್ಳಲಿಲ್ಲ. ಮೂವತ್ತು ದಾಟಿದ ಗಟ್ಟಿ ಆಳು, ಮಾತು ಕಡಿಮೆ, ಹೆಂಡತಿ ಅಲ್ಮಾಳೊಂದಿಗೆ ಕೊಲ್ಲಿಯ ತುದಿಯ ಹಳದಿ ಮನೆಯಲ್ಲಿ ಇರುವವನು. ಯಾರಿಗೆ ತಾನೇ ನಿದ್ದೆ ಬರುತ್ತಿತ್ತು?

ಹೊಸ ವರ್ಷದ ಮಾರನೆಯ ಮಧ್ಯಾಹ್ನ ಅಲ್ಮಾಳ ಫೋನು ಬಂತು.

"ಡಾಕ್ಟ್ರಮ್ಮಾ, ಸೆಲ್ಬಿ ನನ್ನನ್ನ ನಾನಲ್ಲ ಅಂತಾನೆ."

"ನೀನಲ್ಲ ಅಂದ್ರೆ?"

"ಅಲ್ಮಾ ಅಲ್ಲವಂತೆ. ನನ್ನ ಮುಖಕ್ಕೇ ಹೇಳ್ತಾನೆ, 'ನೀವ್ಯಾರು ಅಂತ ಗೊತ್ತಾಗ್ಲಿಲ್ಲ, ಆದ್ರೂ ಟೀ ಚೆನ್ನಾಗಿ ಮಾಡ್ತೀರಿ' ಅಂತ." ಆ ಕಡೆಯಿಂದ ಅಳುವೋ ನಗುವೋ ತಿಳಿಯದ ಸದ್ದು ಬಂತು. "ನನ್ನಿಂದಲೇ ಆಗಿದ್ದು. ನಾನೇ ಮಾಡಿದ್ದು."

ಅವಳು ಮಾಡಿದ್ದು ಇಷ್ಟೇ. ಕ್ರಿಸ್‌ಮಸ್ಸಿನ ಮಾರನೆಯ ಸಂಜೆ ಮುಸುಕಿನವರು ಬರುವ ಹೊತ್ತಿಗೆ ಅಲ್ಮಾ ಹಿಂಬಾಗಿಲಿನಿಂದ ನುಸುಳಿ, ಅತ್ತೆಯ ಹಳೆಯ ಕೋಟು ತೊಟ್ಟು, ಪರದೆ ಹೊದ್ದು, ಅವರ ಗುಂಪಿನಲ್ಲಿ ಸೇರಿಕೊಂಡು ತನ್ನ ಮನೆಯ ಬಾಗಿಲನ್ನು ತಾನೇ ತಟ್ಟಿದ್ದಳು. ನಮ್ಮ ಕೋವ್‌ನ ಹೆಂಗಸರು ಆಗಾಗ ಆಡುವ ತಮಾಷೆ ಇದು. ಸೆಲ್ಬಿ ಎಲ್ಲರ ಹೆಸರೂ ಹಿಡಿದ, ಕೊನೆಯವಳದ್ದು ಮಾತ್ರ ಹೊಳೆಯಲಿಲ್ಲ. ಸೋತೆ ಎಂದ ಮೇಲೆ ಅವಳು ಮುಸುಕು ಎತ್ತಿದಳು. ಮನೆಯೆಲ್ಲ ಹೋ ಎಂದಿತು. ಸೆಲ್ಬಿ ನಗಲಿಲ್ಲ. ಎಲ್ಲರೂ ಹೋದ ಮೇಲೆ ಬಾಗಿಲು ತೆರೆದು ಹಿಮದೊಳಕ್ಕೆ ನೋಡುತ್ತಾ ನಿಂತ. ಅಂದಿನಿಂದ ಅವನದು ಒಂದೇ ಮಾತು: ಒಳಗೆ ಬಂದವಳು ಬೇರೆ ಯಾರೋ, ಅಲ್ಮಾ ಇನ್ನೂ ಹೊರಗಿದ್ದಾಳೆ, ಚಳಿಯಲ್ಲಿದ್ದಾಳೆ.

"ಇವತ್ತು ಬೆಳಿಗ್ಗೆ ಕೊಲ್ಲಿಯ ಹಿಮದ ಮೇಲೆ ಇಳಿದಿದ್ದ" ಎಂದಳು ಅಲ್ಮಾ. "ಮಂಡಿವರೆಗೂ ಒದ್ದೆಯಾಗಿ ಬಂದಿದ್ದಾನೆ. ಕತ್ತಲಾಗೋ ಮುಂಚೆ ಮತ್ತೆ ಹೋಗ್ತಾನಂತೆ, ಹುಡುಕೋಕೆ."

ವರ್ನಾ ಕಿಟಕಿಯಿಂದ ಕೊಲ್ಲಿಯ ಕಡೆ ನೋಡಿದಳು. ಆ ವಾರ ಕೊಲ್ಲಿ ಪೂರ್ತಿ ಹೆಪ್ಪುಗಟ್ಟಿರಲಿಲ್ಲ. ಮೇಲೆ ಬಿಳಿ, ಕೆಳಗೆ ಗಂಜಿ. ಅದರ ಮೇಲೆ ನಾಯಿ ನಡೆದರೂ ಒಳಗೆ ಹೋಗುತ್ತಿತ್ತು.

"ಕೇಳಿಲ್ಲಿ. ಇದು ನಿನ್ನಿಂದ ಆಗಿದ್ದಲ್ಲ. ನೀನು ಆ ಪರದೆ ಹಾಕದೇ ಇದ್ದಿದ್ರೂ ಬೇರೆ ಏನೋ ನೆಪದಲ್ಲಿ ಬರ್ತಿತ್ತು, ನವೆಂಬರಿನಿಂದಲೇ ಬರ್ತಾ ಇತ್ತು, ನಾನೂ ನೋಡ್ಲಿಲ್ಲ. ಅವನ ಜೊತೆ ವಾದ ಮಾಡ್ಬೇಡ. ಅತ್ತು ಕರೆದು ನಾನೇ ಅಲ್ಮಾ ಅಂತ ಸಾಧಿಸೋಕೂ ಹೋಗ್ಬೇಡ. ನಾನು ಬರ್ತಿದ್ದೀನಿ."

ಹೊರಡುವ ಮುಂಚೆ ಪೊಲೀಸರಿಗೊಂದು ಫೋನು ಮಾಡಿದಳು. ಫೋನು ಎತ್ತಿದವನು ಕಡಲಾಚೆಯ ಮೇನ್‌ಲ್ಯಾಂಡ್‌ನಿಂದ ಹೊಸದಾಗಿ ಬಂದ ಹುಡುಗ, ಮಾತು ಮಾತಿಗೂ ನಿಯಮ. ಅಂಥವರನ್ನು ಕೈಕೋಳ ಹಾಕಿಯೇ ಆಸ್ಪತ್ರೆಗೆ ಸಾಗಿಸಬೇಕೆಂದ, ಹಿಮ ತಳ್ಳುವ ಲಾರಿ ಬಂದ ಕೂಡಲೇ ಹೊರಡುತ್ತೇನೆಂದ. "ಬಾ ಮಗಾ, ಆದ್ರೆ ಚರ್ಚಿನ ಹತ್ರ ನಿಂತ್ಕೋ. ಆ ಕೆಂಪು ನೀಲಿ ದೀಪ ಹಾಕ್ಕೊಂಡು ಅವನ ಅಂಗಳಕ್ಕೆ ಬಂದ್ರೆ ಅವನು ನೇರ ಕಡಲಿಗೆ ಓಡ್ತಾನೆ. ಆಮೇಲೆ ನೀನು ಯಾರಿಗೆ ಕೋಳ ಹಾಕ್ತೀಯ?" ಎಂದಳು ವರ್ನಾ. ಹುಡುಗ ಆಗಲಿ ಎಂದ.

ಅವಳು ನಡೆದೇ ಹೊರಟಳು. ಗಾಳಿಯಿರಲಿಲ್ಲ, ಹಿಮ ಸದ್ದಿಲ್ಲದೆ, ಅವಸರವಿಲ್ಲದೆ ಬೀಳುತ್ತಿತ್ತು. ಮನೆಗಳು ಒಂದೊಂದಾಗಿ ಅಳಿಸಿಹೋಗಿ ಬರೀ ಕಿಟಕಿಗಳ ಹಳದಿ ಉಳಿದಿತ್ತು. ಅಂಗಡಿಯ ತಿರುವಿನಲ್ಲಿ ಬಿಳಿಯೊಳಗಿನಿಂದ ನಾಲ್ಕೈದು ಆಕಾರಗಳು ಮೂಡಿ ಬಂದವು. ಬೇಗ ಹೊರಟ ಮುಸುಕಿನವರು. ಗೂನು ಬೆನ್ನಿನದೊಂದು, ಕುದುರೆ ತಲೆಯದೊಂದು, ಮದುವಣಗಿತ್ತಿಯ ಬಿಳಿ ಲಂಗದ್ದೊಂದು. ಅವಳನ್ನು ನೋಡಿ ನಿಂತು, ಒಬ್ಬೊಬ್ಬರಾಗಿ ತಲೆ ಬಾಗಿಸಿದವು. ವರ್ನಾ ಅಭ್ಯಾಸದಂತೆ ಮಂಡಿಗಳನ್ನು ನೋಡಿದಳು, ಉಸಿರಿಗೆ ಕಿವಿಗೊಟ್ಟಳು. ಹಿಮ ಎಲ್ಲವನ್ನೂ ಮೆತ್ತಗೆ ಮಾಡಿಬಿಟ್ಟಿತ್ತು; ಒಬ್ಬರ ಗುರುತೂ ಹತ್ತಲಿಲ್ಲ. ಇಡೀ ಜೀವಮಾನದಲ್ಲಿ ಮೊದಲ ಸಲ ಅವಳಿಗೆ ತನ್ನ ಊರಿನ ಜನ ಯಾರೋ ಏನೋ ಅನ್ನಿಸಿತು. ಈ ಒಂದು ಕ್ಷಣ ನನಗೆ ಇಷ್ಟು ಭಯವಾಯಿತಲ್ಲ, ಸೆಲ್ಬಿಗೆ ವಾರದಿಂದ ಹಗಲೂ ರಾತ್ರಿಯೂ ಹೀಗೇ ಇದೆ ಎಂದುಕೊಂಡು ಹೆಜ್ಜೆ ಚುರುಕು ಮಾಡಿದಳು.

ಹಳದಿ ಮನೆಯ ಮುಂದೆ ಅವಳೊಂದು ತಪ್ಪು ಮಾಡಿದಳು. ನಮ್ಮಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ. ಬೂಟು ಝಾಡಿಸಿ ಒಳಗೆ ನುಗ್ಗುತ್ತಾರೆ. ತಟ್ಟುವವರು ಅಪರಿಚಿತರು, ಇಲ್ಲವೇ ಮುಸುಕಿನವರು. ಆದರೆ ಹೆದರಿದ ಮನುಷ್ಯನ ಮೇಲೆ ಏಕಾಏಕಿ ನುಗ್ಗಬಾರದೆಂದು ಓದಿದ್ದು ತಲೆಯಲ್ಲಿತ್ತು. ವರ್ನಾ ಮೆಲ್ಲಗೆ ಬಾಗಿಲು ತಟ್ಟಿದಳು.

ಒಳಗೆ ಕುರ್ಚಿ ಉರುಳಿದ ಸದ್ದು. ಬಾಗಿಲು ತೆರೆದ ಸೆಲ್ಬಿಯ ಮುಖವನ್ನು ಅವಳು ಸಾಯುವವರೆಗೂ ಮರೆಯುವ ಹಾಗಿಲ್ಲ. ಅಷ್ಟು ಸಂತೋಷ ಒಬ್ಬ ಮನುಷ್ಯನ ಮುಖದಲ್ಲಿ ಅವಳು ಕಂಡೇ ಇರಲಿಲ್ಲ. ಕಣ್ಣವರೆಗೆ ಶಾಲು ಸುತ್ತಿಕೊಂಡು ಹಿಮದಲ್ಲಿ ನಿಂತ ಹೆಂಗಸನ್ನು ನೋಡಿ ಅವನು ಎರಡು ಕೈಗಳನ್ನೂ ಚಾಚಿದ.

"ಬಂದ್ಯಾ! ತೆಗಿ ಅದನ್ನ, ತೆಗಿ. ಎಷ್ಟು ಹೊತ್ತು ಕಾದೆ ಗೊತ್ತಾ?"

ವರ್ನಾ ಶಾಲು ಬಿಚ್ಚಿದಳು. ಅವನ ಕೈಗಳು ಇಳಿದವು.

"ಓ. ಡಾಕ್ಟ್ರಾ," ಎಂದ. ಆಮೇಲೆ ಮರ್ಯಾದಸ್ಥನಂತೆ, "ಬನ್ನಿ, ಒಳಗೆ ಬನ್ನಿ, ಚಳಿ" ಎಂದ.

ಅಡುಗೆಮನೆಯಲ್ಲಿ ಒಲೆ ಉರಿಯುತ್ತಿತ್ತು. ಅಲ್ಮಾ ಮೂಲೆಯಲ್ಲಿ, ಕಣ್ಣಿನ ಸುತ್ತ ಕಪ್ಪಗಾಗಿ, ಸ್ವಂತ ಮನೆಯಲ್ಲಿ ನೆಂಟಳಂತೆ ಅಂಚಿಗೆ ಕೂತಿದ್ದಳು. ಬಾಗಿಲ ಮೇಲಿನ ಗೂಟಗಳಲ್ಲಿ ಹಕ್ಕಿ ಹೊಡೆಯುವ ಬಂದೂಕು. ವರ್ನಾ ಅದನ್ನು ನೋಡಿ, ನೋಡದವಳಂತೆ ಸೌದೆ ಪೆಟ್ಟಿಗೆಯ ಮೇಲೆ ಕೂತಳು. ಅಲ್ಲಿ ಕೂತರೆ ಅವಳು ಅವನಿಗಿಂತ ಕೆಳಗಿರುತ್ತಾಳೆ, ಬಾಗಿಲಿಗೆ ಹೋಗುವ ಯಾರ ದಾರಿಗೂ ಅಡ್ಡವಾಗುವುದಿಲ್ಲ. ರೇಡಿಯೋದಲ್ಲಿ ಕಡಲ ಹವಾಮಾನ ಓದುತ್ತಿದ್ದರು. ಗಾಳಿ ವಾಯವ್ಯದಿಂದ, ದಕ್ಷಿಣ ತೀರದಲ್ಲಿ ಮಂಜು, ಅಲೆಗಳು ಇಷ್ಟೆತ್ತರ. ಮೀನುಗಾರಿಕೆ ನಿಂತಿದ್ದರೂ ಯಾರೂ ಅದನ್ನು ಆರಿಸುತ್ತಿರಲಿಲ್ಲ.

"ಕೇಳಿಸ್ತಲ್ಲ?" ಎಂದ ಸೆಲ್ಬಿ ಪಿಸುಮಾತಿನಲ್ಲಿ. "ಅವಳು ಎಲ್ಲಿದ್ದಾಳೆ ಅಂತ ಹೇಳ್ತಿದ್ದಾರೆ. ಆಚೆ ದಡದ ಹತ್ರ."

"ನಂಗೆ ಗಾಳಿ, ಅಲೆ ಅಷ್ಟೇ ಕೇಳಿಸ್ತು ಸೆಲ್ಬಿ. ನಿಂಗೆ ಬೇರೆ ಕೇಳಿಸ್ತಿದೆ ಅಂತ ನಂಬ್ತೀನಿ. ಎಷ್ಟು ದಿನ ಆಯ್ತು ಮಲಗಿ?"

"ಮಲಗೋದಾ? ಅವಳು ಹೊರಗೆ ಇರುವಾಗ?"

ವರ್ನಾ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಮಾತಾಡುತ್ತಲೇ ನಾಡಿ ಹಿಡಿದಳು, ಜ್ವರ ನೋಡಿದಳು, ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡಿದಳು, ಕಣ್ಣಿಗೆ ಬೆಳಕು ಬಿಟ್ಟಳು, ತಲೆಗೆ ಪೆಟ್ಟು ಬಿದ್ದಿತ್ತೇ ಎಂದು ಕೂದಲೊಳಗೆ ಬೆರಳಾಡಿಸಿದಳು. ಕುಡಿತ ಬಿಟ್ಟ ನಡುಕವಲ್ಲ, ಮಿದುಳು ಜ್ವರವಲ್ಲ. ಮನಸ್ಸೇ ಹಳಿ ತಪ್ಪಿತ್ತು. ಆಮೇಲೆ ಕೇಳಲೇಬೇಕಾದದ್ದನ್ನು ನೇರವಾಗಿ ಕೇಳಿದಳು.

"ಈ ಹೆಂಗಸಿನ ಮೇಲೆ ಸಿಟ್ಟಿದೆಯಾ ನಿಂಗೆ?"

ಸೆಲ್ಬಿ ಅಲ್ಮಾಳ ಕಡೆ ತಿರುಗಿ ನೋಡಿದ. "ಇವರ ಮೇಲ್ಯಾಕೆ ಸಿಟ್ಟು? ಇವರನ್ನೂ ಯಾರೋ ಕಳಿಸಿದ್ದಾರೆ, ಪಾಪ. ಒಳ್ಳೆಯವರು. ಅಲ್ಲಾ, ನಿಮ್ಮ ಮನೇಲಿ ನಿಮ್ಮನ್ನ ಕಾಯೋರು ಯಾರೂ ಇಲ್ವಾ?"

"ಇದ್ದಾರೆ" ಎಂದಳು ಅಲ್ಮಾ, ನೆಲ ನೋಡುತ್ತಾ. ಹನ್ನೊಂದು ವರ್ಷ ಸಂಸಾರ ಮಾಡಿದ ಗಂಡ ಬಹುವಚನದಲ್ಲಿ ಮಾತಾಡಿಸುವುದನ್ನು ಅವಳು ಹೇಗೆ ತಡೆದುಕೊಂಡಳೋ ದೇವರೇ ಬಲ್ಲ.

"ಆ ಬಂದೂಕು ನನ್ನ ಹತ್ರ ಇರ್ಲಿ ಸೆಲ್ಬಿ. ನಿದ್ದೆ ಇಲ್ಲದ ಮನೇಲಿ ಬಂದೂಕು ಇರ್ಬಾರ್ದು."

ಅವನು ತಾನೇ ಎದ್ದು ಅದನ್ನಿಳಿಸಿ, ಗುಂಡು ತೆಗೆದು, ಅವಳ ಕೈಗೆ ಕೊಟ್ಟ. "ನಾನೂ ಅದೇ ಅಂದ್ಕೊಂಡಿದ್ದೆ. ಕತ್ತಲಲ್ಲಿ ಅವಳು ಬಂದು, ನಾನು ಯಾರೋ ಅಂದ್ಕೊಂಡು ಹೊಡೆದ್ರೆ?"

ಇಷ್ಟು ವಿವೇಕ ಅಷ್ಟು ಭ್ರಮೆಯ ಪಕ್ಕದಲ್ಲೇ ಕೂತಿತ್ತು. ವರ್ನಾಳಿಗೆ ಕಣ್ಣು ತುಂಬಿ ಬಂದು, ಚೀಲದಲ್ಲಿ ಏನೋ ಹುಡುಕುವವಳಂತೆ ಬಗ್ಗಿದಳು. ಎರಡು ಮಾತ್ರೆ ತೆಗೆದು ಅಂಗೈಯಲ್ಲಿಟ್ಟಳು.

"ಇದು ಏನು ಅಂತ ಸುಳ್ಳು ಹೇಳಲ್ಲ. ಒಂದು, ತಲೆಯೊಳಗಿನ ಗದ್ದಲ ಇಳಿಸೋಕೆ. ಇನ್ನೊಂದು ನಿದ್ದೆಗೆ. ನೀನು ತುಂಬಾ ಸುಸ್ತಾಗಿದ್ದೀಯ. ಸುಸ್ತಾದ ಕಣ್ಣಿಗೆ ಏನೇನೋ ಕಾಣುತ್ತೆ. ಇಲ್ಲಿಗೆ ಬರೋ ದಾರೀಲಿ ನಂಗೂ ಕಾಣಿಸ್ತು."

ಅವನು ಮಾತ್ರೆಗಳನ್ನೇ ನೋಡಿದ. ಕೈ ಚಾಚಿ ಹಿಂದಕ್ಕೆಳೆದುಕೊಂಡ. ಕಿಟಕಿಯಾಚೆ ಬೆಳಕು ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಅವನ ಒದ್ದೆ ಬೂಟುಗಳು ಬಾಗಿಲ ಬಳಿ, ಮೂತಿ ಹೊರಗೆ ಮಾಡಿಕೊಂಡು, ಸಿದ್ಧವಾಗಿ ನಿಂತಿದ್ದವು.

"ನಾನು ಮಲಗ್ಬಿಟ್ರೆ, ಅವಳು ಬಂದು ಬಾಗಿಲು ತಟ್ಟಿದ್ರೆ, ಯಾರು ತೆಗೀತಾರೆ?"

ವರ್ನಾ ಎರಡು ಉತ್ತರಗಳನ್ನೂ ಮನಸ್ಸಿನಲ್ಲಿ ತೂಗಿದಳು. ತೆಗೆಯುತ್ತೇನೆ ಎಂದರೆ ಬರಲಿರುವವಳು ಒಬ್ಬಳಿದ್ದಾಳೆ ಎಂದು ಒಪ್ಪಿದಂತೆ. ಯಾರೂ ಬರುವುದಿಲ್ಲ ಎಂದರೆ ಅವನು ಬೂಟು ಹಾಕಿಕೊಂಡು ಹೊರಡುತ್ತಾನೆ.

"ನಾನು ಕೂತಿರ್ತೀನಿ" ಎಂದಳು ಅಲ್ಮಾ.

ಸೆಲ್ಬಿ ತಿರುಗಿದ. "ನೀವಾ? ನಿಮಗ್ಯಾಕೆ ತೊಂದ್ರೆ?"

"ತೊಂದ್ರೆ ಏನಿಲ್ಲ. ಅವಳು ವಾಪಸ್ ಬರೋದು ನಂಗೂ ಬೇಕು."

ಸೆಲ್ಬಿ ಅವಳನ್ನು ತುಂಬಾ ಹೊತ್ತು ನೋಡಿದ. ಯಾವುದೋ ಹಳೆಯ ಪರಿಚಯ ಹೊಳೆಯುವಂತಾಗಿ ಮತ್ತೆ ತಪ್ಪಿಹೋಯಿತು. "ನಿಮ್ಮ ಮನಸ್ಸು ದೊಡ್ಡದು" ಎಂದು ಹೇಳಿ, ಮಾತ್ರೆ ಬಾಯಿಗೆ ಹಾಕಿಕೊಂಡು, ಅವಳೇ ಕೊಟ್ಟ ನೀರು ಕುಡಿದ. ಸ್ವಲ್ಪ ಹೊತ್ತಿನಲ್ಲಿ ಅಡುಗೆಮನೆಯ ಮಂಚದ ಮೇಲೆ ಬಾಯಿ ತೆರೆದು ಮಲಗಿದ್ದ. ಹೆಂಗಸರಿಬ್ಬರೂ ಅವನ ಉಸಿರು ಕೇಳುತ್ತಾ ಬ್ರೆಡ್ಡಿಗೆ ಕಾಕಂಬಿ ಹಚ್ಚಿಕೊಂಡು ತಿಂದರು. ಅಲ್ಮಾ ಬೆಳಗಾಗುವವರೆಗೆ ಬಾಗಿಲಿಗೆ ಎದುರಾಗಿ ಕೂತಿದ್ದಳು. ಕೊಟ್ಟ ಮಾತು ಎಂದರೆ ಮಾತು.

ಬೆಳಿಗ್ಗೆ ಹಿಮ ತಳ್ಳುವ ಲಾರಿ ಬಂತು. ಎದ್ದ ಸೆಲ್ಬಿಗೆ ಇನ್ನೂ ನಿದ್ದೆ ಬೇಕಿತ್ತು. ಆ ನಿದ್ದೆಯ ಆಸೆಯಿಂದಲೇ ಅವನನ್ನು ಒಪ್ಪಿಸಬಹುದು ಎಂದು ವರ್ನಾಳಿಗೆ ಹೊಳೆಯಿತು. "ಆಸ್ಪತ್ರೇಲಿ ನಾಲ್ಕು ದಿನ ಚೆನ್ನಾಗಿ ಮಲಗಿಸ್ತಾರೆ. ತಲೆ ನೋಡೋ ಡಾಕ್ಟ್ರಿದ್ದಾರೆ. ನಾನೇ ಕರ್ಕೊಂಡು ಹೋಗ್ತೀನಿ" ಎಂದಳು. ಅವನು ಒಪ್ಪಿದ. ಅಲ್ಮಾ ಕೋಟು ಹಾಕಿಕೊಳ್ಳಲು ಹೋದಾಗ ಮಾತ್ರ ಅಡ್ಡ ಬಂದ.

"ನೀವು ಬಂದ್ರೆ ಹೇಗೆ? ಮನೇಲಿ ಒಬ್ರು ಇರ್ಬೇಕಲ್ಲ."

ಹಾಗಾಗಿ ಅಲ್ಮಾ ಉಳಿದಳು. ವರ್ನಾ ಮನೆಗೆ ಹೋಗಿ ತಂದ ಕಾರು ಹೊರಟಾಗ ಅಲ್ಮಾ ಕಿಟಕಿಯಲ್ಲಿ ನಿಂತಿದ್ದಳು. ಸೆಲ್ಬಿ ಟೋಪಿ ಎತ್ತಿ, ಉಪಕಾರ ಮಾಡಿದ ಅಪರಿಚಿತಳಿಗೆ ವಂದಿಸುವಂತೆ ವಂದಿಸಿದ.

ಹಿಂದಿನ ಸೀಟಿನಲ್ಲಿ, ಬೇಕಾದರೆ ಸೆಲ್ಬಿಯನ್ನು ಹಿಡಿದುಕೊಳ್ಳಲಿ ಎಂದು ಕರೆತಂದ ಗಾರ್ಲೆಂಡ್ ಮಾವ ಮಂಡಿ ನೀಡಿಕೊಂಡು ಊರ ಎಲ್ಲೆ ದಾಟುವ ಮೊದಲೇ ಗೊರಕೆ ಹೊಡೆಯತೊಡಗಿದ. ಪೊಲೀಸ್ ಹುಡುಗ ಮಾತಿನಂತೆ ದೀಪವಿಲ್ಲದೆ ದೂರದಿಂದ ಹಿಂಬಾಲಿಸುತ್ತಿದ್ದ. ದಾರಿಯ ಎರಡೂ ಬದಿಗೆ ಹಿಮದ ಗೋಡೆ, ಮೇಲೆ ಹಾಲಿನಂಥ ಆಕಾಶ. ಕಾರು ಹೋಗುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ. ಆ ಬಿಳಿಯೊಳಗೆ ಮಾತು ಕಡಿಮೆಯ ಸೆಲ್ಬಿ ದಾರಿಯುದ್ದಕ್ಕೂ ಮಾತಾಡಿದ. ಎಲ್ಲ ಅಲ್ಮಾಳದೇ ಮಾತು.

"ಮೀನಿನ ಕಾರ್ಖಾನೇಲಿ ಮೊದಲ ಸಲ ನೋಡಿದ್ದು ಡಾಕ್ಟ್ರೇ. ತಲೆಗೆ ಬಲೆ ಟೋಪಿ, ಕೈಯೆಲ್ಲ ರಕ್ತ, ಕಾಡ್ ಮೀನಿನ ನಾಲಿಗೆ ಕತ್ತರಿಸ್ತಾ ಅಪಸ್ವರದಲ್ಲಿ ಹಾಡ್ತಿದ್ಲು. ಇವಳೇ ಅಂದ್ಕೊಂಡೆ." ಸ್ವಲ್ಪ ಹೊತ್ತಾದ ಮೇಲೆ ಅಂದ: "ಅವಳು ನಿದ್ದೇಲಿ ಮಾತಾಡ್ತಾಳೆ, ಗೊತ್ತಾ? ಅವಳಕ್ಕನ ಜೊತೆ ಜಗಳ. ಚಿಕ್ಕವಳಿದ್ದಾಗ ಅಕ್ಕ ಯಾವುದೋ ಸ್ವೆಟರ್ ತಗೊಂಡು ವಾಪಸ್ ಕೊಟ್ಟಿಲ್ಲ. ರಾತ್ರಿ ರಾತ್ರಿ ಅದೇ ಜಗಳ. ಮೀನಿಗೆ ಹೋಗೋಕೆ ಬೇಗ ಎದ್ದು, ಹಾಗೇ ಕತ್ತಲಲ್ಲಿ ಕೂತು ಕೇಳ್ತಿದ್ದೆ, ಇವತ್ತು ಯಾರು ಗೆಲ್ತಾರೆ ಅಂತ."

"ಅವಳಿಗೆ ಹೇಳಿದ್ದೀಯಾ?"

"ಇಲ್ಲಪ್ಪ. ಹೇಳಿದ್ರೆ ನಾಚ್ಕೊಂಡು ನಿಲ್ಲಿಸ್ಬಿಡ್ತಾಳೆ." ಅವನು ಕಿಟಕಿಗೆ ಹಣೆ ಆನಿಸಿದ. "ಅದಕ್ಕೇ ನಂಗೆ ಗೊತ್ತಾಗಿದ್ದು. ಈ ಹೆಂಗಸು ರಾತ್ರಿಯೆಲ್ಲ ಸುಮ್ನಿರ್ತಾರೆ. ಒಂದು ಮಾತೂ ಇಲ್ಲ."

ಗಂಡನಿಗೇನಾಗುತ್ತದೋ ಎಂದು ವಾರವಿಡೀ ಕಣ್ಣು ಮುಚ್ಚದವಳು ನಿದ್ದೆಯಲ್ಲಿ ಹೇಗೆ ಮಾತಾಡಿಯಾಳು? ವರ್ನಾ ದಾರಿಯನ್ನಷ್ಟೇ ನೋಡುತ್ತಾ ಕಾರು ಓಡಿಸಿದಳು.

ಆಸ್ಪತ್ರೆಯಲ್ಲಿ ಸೆಲ್ಬಿಗೆ ಗುಣವಾಗಲು ದಿನ ಹಿಡಿಯಿತು. ಅಲ್ಮಾ ಭೇಟಿಗೆ ಹೋದರೆ ಕುರ್ಚಿ ಎಳೆದುಕೊಟ್ಟು, ಮನೆ ಬಾಗಿಲಿಗೆ ಯಾರನ್ನು ಬಿಟ್ಟು ಬಂದಿರಿ ಎಂದು ಕೇಳುತ್ತಿದ್ದ. ಮೊದಲು ಅವನಿಗೆ ಗುರುತು ಹತ್ತಿದ್ದು ಅವಳ ದನಿ. ಒಂದು ಸಂಜೆ ಅವಳು ಫೋನು ಮಾಡಿದಾಗ ಅವನು, "ಅಲ್ಮಾ? ಎಲ್ಲಿದ್ದೀಯ?" ಎಂದನಂತೆ.

"ಮನೇಲಿ."

"ಒಳಗೆ ಬಂದ್ಯಾ?"

"ಬಂದೆ ಸೆಲ್ಬಿ. ಒಲೆ ಮುಂದೆ ಕೂತಿದ್ದೀನಿ."

ಇಷ್ಟನ್ನು ಅಲ್ಮಾ ವರ್ನಾಳಿಗೆ ಹೇಳಿ ಅರ್ಧ ಗಂಟೆ ಅತ್ತಳು. ವರ್ನಾ ಅವಳ ಬೆನ್ನು ಸವರಿದಳು, ಉಳಿದಿದ್ದ ಕೇಕಿನ ದೊಡ್ಡ ತುಂಡು ಕೊಟ್ಟಳು.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮಾರ್ಚಿನಲ್ಲಿ ಮನೆಗೆ ಬಂದ ಸೆಲ್ಬಿ ಅಲ್ಮಾಳನ್ನು ಅಲ್ಮಾ ಎಂದೇ ಕರೆದ, ಆದರೆ ಅದಕ್ಕಿಂತ ಹೆಚ್ಚಿಗೆ ಏನನ್ನೂ ಹೇಳಲಿಲ್ಲ. ಮಾತ್ರೆಗಳು ಗದ್ದಲವನ್ನು ಇಳಿಸಿದ್ದವು, ಜೊತೆಗೆ ಮುಖವನ್ನೂ ಮಂಕು ಮಾಡಿದ್ದವು. ಬೆರಳು ಬಿಗಿದು ಬಲೆಯ ಗಂಟು ಹಾಕಲಾಗುತ್ತಿರಲಿಲ್ಲ. ಮಾಡಿದ್ದೆಲ್ಲ ನೆನಪಿತ್ತು, ನಾಚಿಕೆಯಿಂದ ಹೆಂಡತಿಯ ಮುಖ ನೋಡುತ್ತಿರಲಿಲ್ಲ. ತಪಾಸಣೆಗೆಂದು ಇಬ್ಬರೂ ದವಾಖಾನೆಗೆ ಬಂದ ದಿನ ಅಲ್ಮಾ ಮೊದಲು ಒಬ್ಬಳೇ ಒಳಗೆ ಬಂದು ಬಾಗಿಲು ಮುಚ್ಚಿದಳು.

"ಬೈಬೇಡಿ ಡಾಕ್ಟ್ರಮ್ಮಾ. ನಂಗೆ ಹೊಟ್ಟೆಕಿಚ್ಚು."

"ಯಾರ ಮೇಲೆ?"

"ಅವಳ ಮೇಲೆ. ಆ ಇನ್ನೊಬ್ಬ ಅಲ್ಮಾ ಮೇಲೆ. ಅವಳಿಗೋಸ್ಕರ ಹಿಮದ ಮೇಲೆ ಇಳಿದ, ಊಟ ಬಿಟ್ಟ, ನಿದ್ದೆ ಬಿಟ್ಟ. ನಂಗೆ ಅಂತ ಏನಿದೆ? ಟೀ ಕೊಟ್ರೆ ಕುಡೀತಾನೆ." ಕೈಚೀಲದ ಹಿಡಿ ತಿರುಚುತ್ತಾ ಕೇಳಿದಳು, "ಅದೆಲ್ಲ ಬರೀ ಕಾಯಿಲೆನಾ?"

ವರ್ನಾಳ ನಾಲಿಗೆಯ ತುದಿಗೆ ಕಾರಿನ ಮಾತುಗಳೆಲ್ಲ ಬಂದು ನಿಂತವು. ಆದರೆ ರೋಗಿ ತನ್ನ ಮುಂದೆ ಆಡಿದ್ದನ್ನು ಇನ್ನೊಬ್ಬರ ಮುಂದೆ ಆಡುವ ಹಾಗಿಲ್ಲ, ಆ ಇನ್ನೊಬ್ಬರು ಹೆಂಡತಿಯೇ ಆದರೂ. ಅವಳು ತುಟಿ ಕಚ್ಚಿಕೊಂಡು, "ಹೊರಗೆ ಕೂತಿರು, ಅವನನ್ನ ಕಳಿಸು" ಎಂದಳು.

ಸೆಲ್ಬಿಯ ಬೆರಳುಗಳನ್ನು ಬಗ್ಗಿಸಿ ನೋಡಿ ಮಾತ್ರೆ ತಗ್ಗಿಸಿದಳು. ತಗ್ಗಿಸಿದ್ದು ಮಾತ್ರ, ಬಿಡಿಸಿದ್ದಲ್ಲ ಎಂದು ಮೂರು ಸಲ ಹೇಳಿದಳು. ಆಮೇಲೆ ಪೆನ್ನು ಕೆಳಗಿಟ್ಟಳು.

"ಕಾರಲ್ಲಿ ನಂಗೆ ಹೇಳಿದ್ಯಲ್ಲ, ಅದನ್ನ ಅವಳಿಗೆ ಹೇಳು."

ಸೆಲ್ಬಿ ಕಿವಿಯವರೆಗೆ ಕೆಂಪಾದ. "ಅದೆಲ್ಲ ಹುಚ್ಚಲ್ಲಿ ಆಡಿದ್ದು ಡಾಕ್ಟ್ರೇ."

"ನಾನು ಡಾಕ್ಟ್ರಲ್ವಾ, ಯಾವುದು ಹುಚ್ಚು, ಯಾವುದಲ್ಲ ಅಂತ ನಂಗೆ ಬಿಡು. ರೇಡಿಯೋ ಮಾತಾಡಿದ್ದು ಹುಚ್ಚು. ಇದು ಅಲ್ಲ."

ಅವನು ಹೊರಗೆ ಹೋದ. ವರ್ನಾ ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ಅಷ್ಟು ಒಳ್ಳೆಯತನ ಅವಳಲ್ಲಿರಲಿಲ್ಲ. ಕೆಮ್ಮುವವರು, ಮಂಡಿ ಹಿಡಿದವರು ಸಾಲಾಗಿ ಕೂತಿದ್ದ ಆ ಕೋಣೆಯಲ್ಲಿ ಸೆಲ್ಬಿ ಹೆಂಡತಿಯ ಪಕ್ಕ ಕೂತು, ಟೋಪಿಯನ್ನು ಮಂಡಿಯ ಮೇಲೆ ತಿರುಗಿಸಿದ.

"ನೀನು ನಿದ್ದೇಲಿ ಮಾತಾಡ್ತೀಯ" ಎಂದ ಕೊನೆಗೆ.

"ನಾನಾ? ಯಾವಾಗ?"

"ಯಾವಾಗ್ಲೂ. ಮದುವೆ ಆದಾಗಿಂದ. ನಡುವೆ ನಿಂತಿತ್ತು. ನಿನ್ನೆ ರಾತ್ರಿ ಮತ್ತೆ ಶುರು ಮಾಡ್ದೆ." ಅವನು ಅವಳ ಮುಖ ನೋಡಿದ. "ಎದ್ದು ಕೂತು ಪೂರ್ತಿ ಕೇಳ್ದೆ. ಯಾವಾಗ್ಲೂ ಕೇಳ್ತಿದ್ದೆ."

ಅಲ್ಮಾ ಬಾಯಿಗೆ ಕೈ ಅಡ್ಡ ಹಿಡಿದಳು. ಕೋಣೆಯಲ್ಲಿ ಕೆಮ್ಮುವವರೂ ಕೆಮ್ಮುವುದನ್ನು ನಿಲ್ಲಿಸಿದ್ದರು.

"ಏನಂದೆ ನಾನು?"

"ಸ್ವೆಟರ್ ವಾಪಸ್ ಕೊಡು ಅಂದೆ."

"ಅಯ್ಯೋ ದೇವರೇ. ಕೊಟ್ಲಾ ಅವಳು?"

"ಎಲ್ಲಿ ಕೊಡ್ತಾಳೆ?" ಎಂದ ಸೆಲ್ಬಿ. "ನೀನು ಯಾವಾಗ್ಲೂ ಸೋಲ್ತೀಯ."